ಬಂಡಿ ತಿರುಗಿದ ದಿಬ್ಬ

ಮಾದಲಕೊಪ್ಪಲಿನ ಕೆರೆಯ ಹಿಂದೆ ಐದು ಹುಣಸೆಮರಗಳಿರುವ ಒಂದು ದಿಬ್ಬವಿದೆ. ದಿಬ್ಬವೆಂದರೆ ದೊಡ್ಡದೇನಲ್ಲ, ಎತ್ತುಗಳು ಏದುಸಿರು ಬಿಡದೆ ಹತ್ತುವಷ್ಟು. ಇದನ್ನು ಬಂಡಿ ತಿರುಗಿದ ದಿಬ್ಬ ಎನ್ನುತ್ತಾರೆ. ಹಿಂದೆ ಒಮ್ಮೆ ಇಲ್ಲಿ ಹಲಗೇಗೌಡನೆಂಬ ರೈತನ ಮನೆಯಿತ್ತು. ಚಳಿಗಾಲದಲ್ಲಿ ಕೊಕ್ಕರೆಗಳು ಬಂದು ಈ ಮರಗಳಲ್ಲಿ ಗೂಡು ಕಟ್ಟಿ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ, ಅಂದರೆ ಬೇಸಿಗೆಯಲ್ಲಿ, ಹೊರಟುಹೋಗುತ್ತಿದ್ದವು. ಊರವರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುತ್ತಿದ್ದರು. ಹಲಗೇಗೌಡನಿಗೆ ಮಾತ್ರ ಅವು ಹೇಸಿಗೆ. ಅಂಗಳದ ತುಂಬ ಸುಣ್ಣದಂಥ ಹಿಕ್ಕೆ, ಕೊಳೆತ ಮೀನು, ಮುದ್ದೆ ಮುರಿದರೂ ಅದೇ ಗಬ್ಬು. ಹಕ್ಕಿಗಳು ಇರುವಷ್ಟು ದಿನವೂ ಅವನು ಮೂಗಿಗೆ ವಸ್ತ್ರ ಕಟ್ಟಿಕೊಂಡು, ತಲೆಯೆತ್ತದೆ ಓಡಾಡುತ್ತಿದ್ದ. ಆ ವರ್ಷ ಮಗಳು ಚಿಕ್ಕತಾಯಿಗೆ ಚೊಚ್ಚಲು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಪದ್ಧತಿ. ಅವಳೋ, "ಆ ನಾತಕ್ಕೆ ವಾಂತಿ ಬತ್ತದೆ, ಹಕ್ಕಿ ಹೋದ್ಮೇಲೆ ಬಂಡಿ ಕಳಿಸಪ್ಪಯ್ಯ" ಎಂದು ಹೇಳಿಕಳಿಸಿದ್ದಳು.

ಒಂದು ಬೆಳಿಗ್ಗೆ ಮರಗಳು ನಿಶ್ಶಬ್ದವಾಗಿದ್ದವು. "ತೊಲಗಿದ್ವು!" ಎಂದು ಹಲಗೇಗೌಡ ಬಂಡಿ ಕಳಿಸಿ, ಉದ್ದನೆಯ ದೋಟಿ ಹಿಡಿದು ಗೂಡು ಕೀಳತೊಡಗಿದ. ಮರಿ ಬೆಳೆದ ಮೇಲೆ ತಂದೆತಾಯಿ ಎರಡೂ ಮೀನಿಗೆ ಹೋಗುತ್ತವೆ, ಆಗ ಮರಿಗಳು ಹದ್ದಿಗೆ ಹೆದರಿ ಉಸಿರೆತ್ತುವುದಿಲ್ಲ ಎಂಬುದು ಎಂದೂ ಮೇಲೆ ನೋಡದ ಅವನಿಗೆ ತಿಳಿದಿರಲಿಲ್ಲ. ಮೊದಲ ಗೂಡಿನೊಡನೆ ಮೂರು ಮರಿಗಳು ಬಿದ್ದು, ಅರೆಬರೆ ಅರಗಿದ ಮೀನನ್ನು ಅವನ ಪಾದದ ಮೇಲೆ ಕಕ್ಕಿದವು.

"ನಿಲ್ಸೋ ಹಲಗ, ಜೀವ ಅದೆ!" ಎಂದು ಪಕ್ಕದ ಮನೆಯ ದ್ಯಾವಜ್ಜಿ ಕೂಗಿದಳು.

"ಹೆತ್ತವೇ ಬಿಟ್ಟೋದ್ವು, ನಾನು ಮಡ್ಲಲ್ಲಿ ಹಾಕ್ಕೊಂಡು ಲಾಲಿ ಹಾಡ್ಲಾ? ಥೂ!"

ಮಧ್ಯಾಹ್ನದೊಳಗೆ ಒಂದು ಗೂಡೂ ಉಳಿಯಲಿಲ್ಲ.

ಸಂಜೆ ಬಂಡಿ ದಿಬ್ಬ ಹತ್ತುತ್ತಿರುವಾಗಲೇ ಕೊಕ್ಕರೆಗಳು ಗಂಟಲ ತುಂಬ ಮೀನು ತುಂಬಿಕೊಂಡು ಮರಳಿದವು. ಬರಿಯ ಕೊಂಬೆಗಳ ಮೇಲೆ ಸುತ್ತಿ ಸುತ್ತಿ, ತಂದದ್ದನ್ನು ಅಂಗಳಕ್ಕೇ ಸುರಿದವು. ಹಲಗೇಗೌಡ ಆಗ ತಲೆಯೆತ್ತಿ ಹಕ್ಕಿಗಳನ್ನು ನೋಡಿದ. ಮೂಗಿಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಬಂಡಿಯತ್ತ ನಡೆದ. ಚಿಕ್ಕತಾಯಿ ಬಂಡಿಯಲ್ಲಿ ಕುಳಿತೇ ನೊಣ ಮುತ್ತಿದ ಮರಿಗಳ ರಾಶಿಯನ್ನು ನೋಡಿದಳು.

"ಇಳಿ ಮಗಾ, ನಿಮ್ಮವ್ವ ನೀರು ಕಾಯಿಸವ್ಳೆ."

"ಇಲ್ಲಿ ಹೆರಾಕೆ ನಂಗೆ ಹೇಸ್ಗೆ ಆಯ್ತದೆ ಅಪ್ಪಯ್ಯ," ಎಂದವಳು ಗಾಡಿಯವನಿಗೆ, "ತಿರುಗ್ಸಣ್ಣ" ಎಂದಳು.

ಅವಳು ಗಂಡನ ಮನೆಯಲ್ಲೇ ಹೆತ್ತಳಂತೆ. ತವರಿಗೆ ಮತ್ತೆಂದೂ ಬರಲಿಲ್ಲ ಎನ್ನುತ್ತಾರೆ. ಅತ್ತ ಸುಳಿಯದಿದ್ದ ಕೊಕ್ಕರೆಗಳು ಎಷ್ಟೋ ವರ್ಷಗಳ ಮೇಲೆ ಮತ್ತೆ ಬಂದವು, ಈಗಲೂ ಬರುತ್ತವೆ. ಅವು ಹೊರಟ ಮೇಲೂ ಊರ ಹೆಂಗಸರು ಮೂರು ದಿನ ಸಂಜೆ ಮರದಡಿ ತಲೆಯೆತ್ತಿ ನಿಂತಿರುವುದನ್ನು ಕಾಣಬಹುದು. ಗಬ್ಬಿಗೆ ಮೂಗು ಹಿಡಿದ ಪ್ರವಾಸಿಗರು ಇನ್ನಾದರೂ ಗುಡಿಸಬಾರದೇ ಎಂದು ಕೇಳಿದರೆ, "ಇನ್ನೊಂದು ಸಂಜೆ ನೋಡನ ತಡೀರಿ" ಎನ್ನುತ್ತಾರೆ.