ಕೊನೆಯ ಗುಟುಕು

ನದಿದಂಡೆಯ ಆಶ್ರಮದಲ್ಲಿ ಕೊಟ್ರಯ್ಯನಿಗೆ ಇದ್ದದ್ದು ಒಂದೇ ಆಸ್ತಿ. ಗುರುಗಳು ಲೋಟದಲ್ಲಿ ಉಳಿಸುತ್ತಿದ್ದ ಕೊನೆಯ ಗುಟುಕು ಹಾಲು.

ದಿನಾ ಸಂಜೆ ಕೆಂದಿ ಹಸುವಿನ ಹಾಲು ಕರೆಯುವವನು ಅವನೇ. ಮೊದಲು ಕರುವನ್ನು ಒಂದಿಷ್ಟು ಚೀಪಲು ಬಿಡುತ್ತಿದ್ದ. ಕೆಚ್ಚಲಿಗೆ ಹಾಲು ಇಳಿದ ಕೂಡಲೇ ಕರುವಿನ ಬಾಯಿ ಬಿಡಿಸಿ, ತಾಯಿಯ ಎದುರಿನ ಗೂಟಕ್ಕೆ ಕಟ್ಟಿ, ಕರೆಯಲು ಕೂರುತ್ತಿದ್ದ. ಎಲ್ಲರೂ ಹೀಗೇ ಮಾಡುತ್ತಾರೆ.

ಹಾಲು ಕಾಯಿಸಿ ಹಿತ್ತಾಳೆ ಲೋಟಕ್ಕೆ ಬಗ್ಗಿಸಿ ಗುರುಗಳ ಮುಂದೆ ಹಿಡಿಯುತ್ತಿದ್ದ. ಅವರನ್ನು ಎಲ್ಲರೂ ಅಯ್ಯ ಎಂದೇ ಕರೆಯುತ್ತಿದ್ದರು. ಅಯ್ಯ ಕುಡಿದು, ಒಂದು ಗುಟುಕು ಉಳಿಸಿ, ಲೋಟವನ್ನು ಅವನ ಕೈಗೆ ಕೊಡುತ್ತಿದ್ದರು. ಅವನು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದ.

ಆ ಪ್ರಸಾದ ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಉಳಿದವರಿಗೆ ಕಾಣಲಿ ಎಂದು ಕೊಟ್ರಯ್ಯ ಮೀಸೆಯನ್ನು ನಿಧಾನವಾಗಿಯೇ ಒರೆಸಿಕೊಳ್ಳುತ್ತಿದ್ದ.

ಹೀಗಿರುವಾಗ ನಾಗಲಿಂಗ ಎಂಬ ಹೊಸಬ ಬಂದು ಸೇರಿದ.

ಊಟದ ಪಂಕ್ತಿಯಲ್ಲಿ ತುಪ್ಪ ಬಂದಾಗ ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದ. ಮಜ್ಜಿಗೆ ಬಂದಾಗಲೂ ಹಿಡಿದ.

"ವ್ರತವೇನಪ್ಪ?" ಅಯ್ಯ ಕೇಳಿದರು.

"ವ್ರತ ಅಲ್ಲ ಅಯ್ಯಾ. ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದೀನಿ."

"ಯಾಕೆ?"

"ಅದು ಕರುವಿಂದು ಅನ್ನಿಸ್ತು. ಆಮೇಲೆ ಗಂಟಲಲ್ಲಿ ಇಳೀಲಿಲ್ಲ."

ಕೊಟ್ರಯ್ಯ ತನಗೆ ಬಡಿಸಿದ ಮಜ್ಜಿಗೆಯನ್ನು ಸೊರ್ ಎಂದು ಸದ್ದು ಮಾಡಿ ಕುಡಿದ.

ಮರುದಿನ ಸಂಜೆ ಅವನು ಲೋಟ ಹಿಡಿದು ಬಂದ. ಅಯ್ಯ ಕೈ ಮುಂದೆ ಮಾಡಲಿಲ್ಲ.

"ನನಗೂ ಸಾಕು ಕೊಟ್ರಯ್ಯ. ಇನ್ನು ಕರು ಕುಡಿದುಕೊಳ್ಳಲಿ."

"ಈ ವಯಸ್ಸಲ್ಲಿ ಹಾಲು ಬಿಟ್ಟರೆ ಹೇಗಯ್ಯಾ? ಮೈಗೆ ಏನು ಗತಿ?"

"ನಾಗಲಿಂಗ ಏನೋ ಕುಡಿಯುತ್ತಾನಲ್ಲ, ಅದನ್ನೇ ನನಗೂ ಕೊಡಲಿ."

ನಾಗಲಿಂಗ ಕುಡಿಯುತ್ತಿದ್ದದ್ದು ರಾಗಿ ಅಂಬಲಿ. ಮಜ್ಜಿಗೆ ಇಲ್ಲ, ಬರೀ ಉಪ್ಪು, ಜೀರಿಗೆ. ಅವನು ಅದೇ ಹಿತ್ತಾಳೆ ಲೋಟದಲ್ಲಿ ತಂದ. ಅಯ್ಯ ಕುಡಿದರು. ಒಂದು ಗುಟುಕು ಉಳಿಸಿದರು. ಲೋಟವನ್ನು ನಾಗಲಿಂಗನ ಕೈಗೆ ಕೊಟ್ಟರು.

ಕೊಟ್ರಯ್ಯನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ನಿನ್ನೆ ಮೊನ್ನೆ ಬಂದವನು! ಸಗಣಿ ಬಾಚಿದವನಲ್ಲ, ಕೆಂದಿಯ ಒದೆ ತಿಂದವನಲ್ಲ. ಬೇಡ ಬೇಡ ಅಂದುಕೊಂಡೇ ಎಲ್ಲ ಹೊಡೆದುಕೊಂಡನಲ್ಲ!

ನಾಗಲಿಂಗನಿಗೆ ಅವನ ಮುಖ ಕಂಡಿತು. ಲೋಟ ಮುಂದೆ ಚಾಚಿದ.

"ಅಣ್ಣಾ, ಇದು ದಿನಾ ನೀವು ತಗೊಳ್ಳೋದಲ್ವಾ? ನೀವೇ ತಗೊಳ್ಳಿ."

"ನಿಂಗೆ ಕೊಟ್ಟಿದ್ದು. ನೀನೇ ಕುಡಿ."

ದಾನ ಬೇರೆ ಕೊಡಲು ಬಂದ, ಎಂದು ಕೊಟ್ರಯ್ಯನಿಗೆ ಇನ್ನಷ್ಟು ಉರಿಯಿತು.

ಮರುದಿನ ಪಂಕ್ತಿಯಲ್ಲಿ ಕೊಟ್ರಯ್ಯ ಎದ್ದು ನಿಂತ.

"ಅಯ್ಯಾ, ನಾನೂ ಹಾಲು, ತುಪ್ಪ ಬಿಟ್ಟೆ. ಜೇನುತುಪ್ಪಾನೂ ಬಿಟ್ಟೆ."

ಜೇನು ಎನ್ನುವಾಗ ನಾಗಲಿಂಗನ ಕಡೆ ನೋಡಿದ.

"ಸಂತೋಷ," ಎಂದರು ಅಯ್ಯ.

ಸಂಜೆ ಕೊನೆಯ ಗುಟುಕು ನಾಗಲಿಂಗನಿಗೇ ಹೋಯಿತು.

ಕೊಟ್ರಯ್ಯ ಚರ್ಮದ ಚಪ್ಪಲಿ ಬಿಟ್ಟ. ಗುಟುಕು ನಾಗಲಿಂಗನಿಗೇ ಹೋಯಿತು. ಕುರಿಯದಲ್ಲವೇ ಎಂದು ಕಂಬಳಿಯನ್ನೂ ಬಿಟ್ಟ. ಚಳಿಗೆ ಹಲ್ಲು ಕಟಕಟ ಎನ್ನುವಾಗಲೂ ಅಯ್ಯನ ಕಣ್ಣಿಗೆ ಬೀಳುವ ಜಾಗದಲ್ಲೇ ಮಲಗಿದ.

ಅಯ್ಯ ಕಂಬಳಿ ತಂದು ಹೊದಿಸಿದರು.

"ಇದು ಕುರಿಯದು ಅಯ್ಯಾ. ನಾನು ಬಿಟ್ಟಿದ್ದೀನಿ."

"ಯಾಕೆ ಬಿಟ್ಟೆ?"

"ದಯೆಯಿಂದ."

"ಯಾರ ಮೇಲೆ?"

ಕೊಟ್ರಯ್ಯ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಅಯ್ಯನನ್ನು ನೋಡಿ ಆಶ್ರಮದ ಉಳಿದವರೂ ಹಾಲು ಬಿಟ್ಟಿದ್ದರು. ಎಲ್ಲ ಬಿಟ್ಟ ಕೊಟ್ರಯ್ಯ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಹಾಲು ಕರೆಯುವುದನ್ನು.

ಇವತ್ತಲ್ಲ ನಾಳೆ ಅಯ್ಯನಿಗೆ ಅಂಬಲಿ ಸಾಕಾಗುತ್ತದೆ, ಬಾಯಿ ಹಾಲು ಕೇಳುತ್ತದೆ ಎಂದು ಅವನ ಲೆಕ್ಕ. ಆ ಹೊತ್ತಿಗೆ ಹಾಲು ಇರಬೇಕು. ಕರೆಯುವುದನ್ನು ಬಿಟ್ಟರೆ ಕೆಂದಿಗೆ ಕೈ ತಪ್ಪುತ್ತದೆ. ಆಮೇಲೆ ಮುಟ್ಟಿದರೆ ಒದೆಯುತ್ತಾಳೆ. ಅವಳು ಒದ್ದರೆ ಲೋಟ ಹೋಯಿತು, ಗುಟುಕು ಹೋಯಿತು, ತಾನು ಆಶ್ರಮದಲ್ಲಿ ಯಾರೂ ಅಲ್ಲ.

ಹಾಗಾಗಿ ದಿನಾ ಸಂಜೆ, ಉಳಿದವರು ಪ್ರಾರ್ಥನೆಗೆ ಕೂತಾಗ, ಅವನು ಕೊಟ್ಟಿಗೆಗೆ ಹೋಗುತ್ತಿದ್ದ. ಕರುವನ್ನು ಚೀಪಲು ಬಿಡುವುದು, ಎಳೆದು ಕಟ್ಟುವುದು, ಕರೆಯುವುದು. ಪ್ರಾರ್ಥನೆ ಮುಗಿಯುವವರೆಗೂ ಚೊಂಬನ್ನು ಎದುರಿಗಿಟ್ಟುಕೊಂಡು ಕಾಯುವುದು. ಹಾಲಿಗೆ ಯಾರೂ ಹೇಳಿಕಳಿಸದಿದ್ದರೆ ಹೊಳೆಗೆ ಚೆಲ್ಲಿ, ಚೊಂಬು ತೊಳೆದಿಡುವುದು.

ಯಾರೂ ಹೇಳಿಕಳಿಸಲಿಲ್ಲ.

ಒಂದು ದಿನ ಅಯ್ಯ ಕರುವಿನ ಬೆನ್ನು ಸವರುತ್ತ ಕೇಳಿದರು. "ಇಲ್ಲಿ ಯಾರೂ ಹಾಲು ಕುಡಿಯುವುದಿಲ್ಲ. ಇದರ ಪಕ್ಕೆಲುಬು ಯಾಕೆ ಕಾಣುತ್ತಿದೆ?"

"ಹೊಟ್ಟೇಲಿ ಹುಳ ಆಗಿರಬೇಕು ಅಯ್ಯಾ."

"ಹೊಟ್ಟೆಯಲ್ಲಿ ಏನೋ ಇರುವುದಂತೂ ನಿಜ," ಎಂದು ಅಯ್ಯ ಕರುವನ್ನು ಬಿಟ್ಟು ಅವನ ಮುಖ ನೋಡಿದರು.

ಮರುದಿನ ಸಂಜೆ ಅಯ್ಯ ಪ್ರಾರ್ಥನೆಗೆ ಕೂರಲಿಲ್ಲ. ಹೊಳೆಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನಿಂತರು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರ ಕಾಲ ಸುತ್ತ ನೀರು ಬೆಳ್ಳಗಾಯಿತು.

ತಲೆಯೆತ್ತಿ ನೋಡಿದರೆ, ಮೇಲುಗಡೆ ಕಲ್ಲಿನ ಮೇಲೆ ಕೊಟ್ರಯ್ಯ. ಕೈಯಲ್ಲಿ ಬೋರಲು ಹಿಡಿದ ಚೊಂಬು.

ಅಯ್ಯ ಮೇಲೆ ಹತ್ತಿ ಬಂದು ಕೊಟ್ಟಿಗೆಯ ಕಡೆ ನಡೆದರು. ಕೊಟ್ರಯ್ಯ ಹಿಂದೆಯೇ ಓಡಿದ.

ಕೊಟ್ಟಿಗೆಯಲ್ಲಿ ಕರು ಇನ್ನೂ ಗೂಟದಲ್ಲೇ ಇತ್ತು. ಹಗ್ಗ ಬಿಗಿಯಾಗುವಷ್ಟು ಮುಂದೆ ಬಂದು, ಕುತ್ತಿಗೆ ಚಾಚಿ ನಿಂತಿತ್ತು. ಕೆಚ್ಚಲು ಅದಕ್ಕೆ ಕಾಣುತ್ತಿತ್ತು, ಬಾಯಿಗೆ ಎಟುಕುತ್ತಿರಲಿಲ್ಲ.

"ನಿಮಗೇ ಅಂತ ಕರೀತಿದ್ದೆ ಅಯ್ಯಾ," ಎಂದ ಕೊಟ್ರಯ್ಯ.

"ನಾನು ಕೇಳಿದೆನೇ?"

"ಇಲ್ಲ."

"ನೀನು ಕುಡಿದೆಯಾ?"

"ಇಲ್ಲ. ಒಂದು ಹನೀನೂ ಮುಟ್ಟಿಲ್ಲ. ಆಣೆ ಮಾಡ್ತೀನಿ."

"ಕರು ಕುಡಿಯಿತೇ?"

ಕೊಟ್ರಯ್ಯ ತಲೆ ತಗ್ಗಿಸಿದ. ಇಷ್ಟು ದಿನ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಗೆ ಬಿತ್ತು.

"ಹೌದಯ್ಯಾ, ನಂಗೆ ಹೊಟ್ಟೆಕಿಚ್ಚು. ಆ ನಾಗಲಿಂಗನ ಮುಖ ಕಂಡರೆ ಆಗಲ್ಲ. ಅವನು ಒಳ್ಳೆಯವನು ಅಂತ ಗೊತ್ತು, ಅದಕ್ಕೇ ಇನ್ನೂ ಉರಿಯುತ್ತೆ. ಅವನು ಬಿಟ್ಟಿದ್ದಕ್ಕಿಂತ ಜಾಸ್ತಿ ಬಿಟ್ಟೆ. ಆದರೂ ನೀವು ನನ್ನ ಕಡೆ ತಿರುಗಲಿಲ್ಲ. ಆ ಗುಟುಕು ನಂದು ಅಯ್ಯಾ. ನಂದೇ ಆಗಿತ್ತು."

ಅಯ್ಯ ಗೂಟದ ಹತ್ತಿರ ಹೋದರು.

"ದಿನಾ ಸಂಜೆ ಎದುರಿಗೇ ನಿಂತಿರ್ತೀನಿ. ಬಾಯಿ ಹತ್ತಿರ ಬಂದಿದ್ದನ್ನ ಕಿತ್ತುಕೊಂಡ ಹಾಗಾಗುತ್ತೆ. ನನ್ನ ಪಾಲಿನದನ್ನ ನನ್ನ ಕಣ್ಣೆದುರೇ ಇನ್ನೊಬ್ಬ ತಗೊಂಡು ಹೋಗ್ತಿದ್ದರೆ ಹೇಗಿರುತ್ತೆ ಅಂತ ನಿಮಗೇನು ಗೊತ್ತು?"

ಕೆಂದಿ ಒಮ್ಮೆ ಅಂಬಾ ಎಂದಳು. ಕರು ಹಗ್ಗ ಜಗ್ಗಿತು.

ಅಯ್ಯ ಗೂಟದಿಂದ ಹಗ್ಗ ಬಿಚ್ಚಿ, ಅದರ ತುದಿಯನ್ನು ಕೊಟ್ರಯ್ಯನ ಕೈಯಲ್ಲಿಟ್ಟರು.

"ನನಗೆ ಗೊತ್ತಿಲ್ಲ ಕೊಟ್ರಯ್ಯ. ಇದಕ್ಕೆ ಗೊತ್ತು, ಕೇಳು."