ಕೆಂಚನ ಏಳು ಕಾಲುವೆಗಳು

ಕಾಡಿನ ನಡುವೆ ಒಂದು ಕೆರೆ ಇತ್ತು. ಮಳೆಗಾಲದಲ್ಲಿ ಅದು ಆಲದ ಬೇರುಗಳವರೆಗೆ ಬಂದು ಕೂರುತ್ತಿತ್ತು. ಬೇಸಿಗೆ ಬಂತೆಂದರೆ, ಮಲಗಿದ ಮಗುವನ್ನು ಎಬ್ಬಿಸದೆ ಎದ್ದುಹೋಗುವ ತಾಯಿಯಂತೆ, ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು. ಅದು ಬಿಟ್ಟುಹೋದ ಕರಿಮಣ್ಣು ಬೆಣ್ಣೆಯಷ್ಟು ಮೆತ್ತಗೆ. ಪ್ರಾಣಿಗಳೆಲ್ಲ ಅದನ್ನು ಪಾಲು ಮಾಡಿಕೊಂಡು ಸೌತೆಬಳ್ಳಿ ಹಾಕುತ್ತಿದ್ದವು.

ಅಲ್ಲಿ ಎರಡು ಕಟ್ಟಳೆಗಳಿದ್ದವು. ಮೊದಲನೆಯದು ಮುಯ್ಯಿ. ಇವತ್ತು ನೀವೆಲ್ಲ ನನ್ನ ಹೊಲಕ್ಕೆ ದುಡಿಯಲು ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬರಬೇಕು. ಎರಡನೆಯದು, ಕಾಯಿ ಬಿಡುವ ಕಾಲದ ಮೊದಲ ಹುಣ್ಣಿಮೆಯ ಬೆಳಗ್ಗೆ ಪ್ರತಿಯೊಬ್ಬರೂ ತಮ್ಮ ಹೊಲದ ಮೊದಲ ಕಾಯನ್ನು ಆಲದ ಬುಡದ ಕಲ್ಲಿನ ಮೇಲೆ ಇಡಬೇಕು. ಇಡದವರ ಪಾಲು ಮುಂದಿನ ವರ್ಷ ಬೇರೆಯವರಿಗೆ. ಆ ಕಲ್ಲಿಗೆ ಚಿಪ್ಪಜ್ಜಿ ಎಂಬ ಮುದಿ ಆಮೆ ಕಾವಲಿದ್ದಳು. ಅವಳ ಹತ್ತಿರ ನೆಪಗಳು ನಡೆಯುತ್ತಿರಲಿಲ್ಲ. ನಡೆಯಲೂ ಬಾರದು.

ಸಾಲಿನ ಕೊನೆಯ ಪಾಲು ಕೆಂಚ ಎಂಬ ಮೊಲದ್ದು. ಹಿಂದೊಮ್ಮೆ ಗಾಳಿಗೆ ಮುರಿದ ಕೊಂಬೆ ಅವನ ಸೊಂಟದ ಮೇಲೆ ಬಿದ್ದಿತ್ತು. ಅಂದಿನಿಂದ ಅವನ ಹಿಂಗಾಲುಗಳೆರಡೂ ಅಲ್ಲಾಡುತ್ತಿರಲಿಲ್ಲ. ಇರುವೆ ಕಚ್ಚಿದರೂ ಅವಕ್ಕೆ ತಿಳಿಯುತ್ತಿರಲಿಲ್ಲ. ಹಿಂಗಾಲು ಆಡದ ಮೊಲ ಬೇಸಾಯ ಹೇಗೆ ಮಾಡೀತು ಎಂದು ನೀವು ಅಂದುಕೊಳ್ಳಬಹುದು, ಮಕ್ಕಳೇ. ಅಂದುಕೊಳ್ಳುವುದನ್ನು ಬಿಟ್ಟು ನೋಡಿ.

ಕೆಂಚ ತಾನೇ ಬೆಳೆದ ದೊಡ್ಡ ಸೋರೆಕಾಯಿಯನ್ನು ಒಣಗಿಸಿ, ಹಲ್ಲಿನಿಂದ ಸೀಳಿ, ಅರ್ಧ ಬುರುಡೆಯೊಳಗೆ ಕೂತ. ಮೂರು ಬೇಸಿಗೆ, ದಿನಕ್ಕೆ ಒಂದು ಗೇಣಿನಂತೆ, ಕೆರೆಯಿಂದ ಹೊಲದೊಳಕ್ಕೆ ಏಳು ಆಳವಾದ ಕಾಲುವೆಗಳನ್ನು ತೋಡಿದ. ಕಾಲುವೆಯ ಅಗಲ ಬುರುಡೆಯಷ್ಟು. ನಡುವೆ ಬಳ್ಳಿ ನೆಟ್ಟ ಮಡಿಗಳ ಅಗಲ ಅವನ ಮುಂಗೈಗೆ ಎಟುಕುವಷ್ಟು; ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಬೆಳಗಿನ ಮಂಜಿನಲ್ಲಿ ಬುರುಡೆ ಮೆಲ್ಲಗೆ ತೇಲುತ್ತಿತ್ತು. ಕಾಲುವೆಗಳಲ್ಲಿ ಆಕಾಶ ಬಂದು ನಿಂತಿರುತ್ತಿತ್ತು. ದಡದಿಂದ ನೋಡಿದರೆ, ಕೆಂಚ ಮೋಡಗಳ ನಡುವೆ ಕೂತು ಕಳೆ ಕೀಳುತ್ತಿದ್ದಾನೆ ಎನಿಸುತ್ತಿತ್ತು.

ಗುಡ್ಡಪ್ಪ ಎಂಬ ಕಾಡುಹಂದಿಗೆ ಮಾತ್ರ ಹಾಗೆನಿಸಲಿಲ್ಲ. ಗುಡ್ಡಪ್ಪ ಮುಯ್ಯಾಳುಗಳ ಮುಂದಾಳು. ಕೆಟ್ಟವನಲ್ಲ, ಇನ್ನೊಬ್ಬರ ಕಷ್ಟ ಕಂಡರೆ ಕಣ್ಣೀರು ಹಾಕುವವನು. ಆದರೆ ಯಾರನ್ನೂ ಏನನ್ನೂ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

"ಇದೇನೋ ಕೆಂಚ, ಹೊಲಕ್ಕೆ ಬಾಚಣಿಗೆ ಎಳೆದ ಹಾಗಿದೆ," ಎಂದ ಗುಡ್ಡಪ್ಪ. "ನಾಳೆ ಬಂದು ಸರಿ ಮಾಡಿಕೊಡ್ತೀವಿ."

"ಮುಯ್ಯಿಗಾ?"

"ನೀನು ಮುಯ್ಯಿ ಎಲ್ಲಿ ತೀರಿಸ್ತೀಯಪ್ಪ. ಧರ್ಮಕ್ಕೆ."

"ಧರ್ಮ ಬೇಡ ಗುಡ್ಡಪ್ಪಣ್ಣ, ಮುಯ್ಯಿ ಬೇಕು. ನಿನ್ನ ಹೊಲದಲ್ಲಿ ಕೂತು ಬೀಜ ಆರಿಸ್ತೀನಿ. ಆಮೇಲೆ, ನನ್ನ ಹೊಲದಲ್ಲಿ ಏನು ಕೆಲಸ ಇದೆ ಅಂತ ನಾನು ಹೇಳ್ತೀನಿ."

"ಪಾಪ, ಎಷ್ಟು ಸ್ವಾಭಿಮಾನ," ಎಂದು ಗುಡ್ಡಪ್ಪ ಕಣ್ಣೊರೆಸಿಕೊಂಡು ಹೊರಟ. ಕೆಂಚ ಹೇಳಿದ್ದು ಅವನ ಕಿವಿಯ ಹೊರಗೇ ಉಳಿಯಿತು.

ಮರುದಿನ ಕೆಂಚ ಎಲೆಗೊಬ್ಬರ ತರಲು ಬುರುಡೆಯಲ್ಲಿ ಆಚೆ ದಡಕ್ಕೆ ಹೋಗಿದ್ದ. ಗುಡ್ಡಪ್ಪ ತನ್ನ ಆಳುಗಳೊಂದಿಗೆ ಬಂದ. ಒಂದು ಬಳ್ಳಿಯನ್ನೂ ತುಳಿಯದಂತೆ, ಬಹಳ ಪ್ರೀತಿಯಿಂದ, ಏಳೂ ಕಾಲುವೆಗಳಿಗೆ ಹಸಿಮಣ್ಣು ತುಂಬಿ ಸಮ ಮಾಡಿದ.

ಸಂಜೆ ಕೆಂಚನ ಬುರುಡೆ ದಡದ ಮಣ್ಣಿಗೆ ತಾಗಿ ನಿಂತುಬಿಟ್ಟಿತು.

"ನೋಡು, ಈಗ ಹೊಲದ ಹಾಗಿದೆ," ಎಂದ ಗುಡ್ಡಪ್ಪ.

ಕೆಂಚ ಆ ಹಸಿಮಣ್ಣನ್ನು ಮುಂಗೈಯಿಂದ ಒತ್ತಿ ನೋಡಿದ. "ಗುಡ್ಡಪ್ಪಣ್ಣ," ಎಂದ, "ನೀನು ನನ್ನ ಕಾಲುಗಳನ್ನ ಹೂತುಬಿಟ್ಟೆ."

ಗುಡ್ಡಪ್ಪನಿಗೆ ಗಾಬರಿಯಾಯಿತು. "ಅದಕ್ಯಾಕೆ ಚಿಂತೆ? ದಿನಾ ನಾನೇ ನೀರು ಹಾಕ್ತೀನಿ."

ಮೂರು ದಿನ ಹಾಕಿದ. ನಾಲ್ಕನೆಯ ದಿನ ಸ್ವಂತ ಹೊಲದ ಕೆಲಸ ಬಂತು. ಐದನೆಯ ದಿನ ಮರೆತೇಹೋಯಿತು. ಕೆಂಚ ಬಾಯಲ್ಲಿ ನೀರು ತುಂಬಿಕೊಂಡು, ಮುಂಗೈ ಊರಿ ತೆವಳುತ್ತ, ದಡಕ್ಕೆ ಹತ್ತಿರದ ಒಂದೇ ಒಂದು ಬಳ್ಳಿಗೆ ಉಣಿಸುತ್ತಿದ್ದ. ಅಷ್ಟಕ್ಕೇ ಹಗಲು ಮುಗಿಯುತ್ತಿತ್ತು. ಉಳಿದ ಬಳ್ಳಿಗಳು ಅವನ ಕಣ್ಣೆದುರಿಗೇ ತಲೆ ಬಾಗಿಸಿದವು.

ಆರನೆಯ ದಿನ ಚಿಪ್ಪಜ್ಜಿ ಗುಡ್ಡಪ್ಪನ ಬಾಗಿಲಿಗೆ ಬಂದಳು.

"ಹುಣ್ಣಿಮೆಗೆ ಐದು ದಿನ. ಕಾಯಿ ಬಾರದಿದ್ದರೆ ಕೆಂಚನ ಪಾಲು ಹೋಗುತ್ತೆ. ನಿನಗೆ ತಿಳಿದಿರಲಿ ಅಂತ ಹೇಳಿದೆ."

ಗುಡ್ಡಪ್ಪ ಎದ್ದು ಓಡಿದ. ಓಡಿ ಬಂದವನು ತಾನೇ ತುಂಬಿದ ಕಾಲುವೆಯ ಮೇಲೆ ಕಾಲಿಟ್ಟ. ಮೇಲೆ ಒಣಗಿದ ಪದರ, ಕೆಳಗೆ ಹಸಿ ಕೆಸರು. ಎದೆಯವರೆಗೆ ಹೂತುಹೋದ.

"ಹಂದಿಗೆ ಕೆಸರು ಹೊಸದಾ?" ಎಂದು ದಡದಲ್ಲಿ ಸೇರಿದ್ದ ಪ್ರಾಣಿಗಳ ನಡುವಿನಿಂದ ನರಿ ನಕ್ಕಿತು. ಗುಡ್ಡಪ್ಪನೂ ನಗಲು ನೋಡಿದ. ಒದ್ದಷ್ಟೂ ಒಳಗೆ ಇಳಿದ. ನಾಲ್ಕು ಕಾಲಿದ್ದವು, ಒಂದೂ ಎಲ್ಲಿಗೂ ಒಯ್ಯಲಿಲ್ಲ. ಕೆಸರು ಕುತ್ತಿಗೆಯವರೆಗೆ ಬಂದಾಗ ದಡದಲ್ಲಿ ನಗು ನಿಂತಿತು. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಕೆಂಚ ತೆವಳುತ್ತ ಬಂದ. ಕಾಲೂರದವನನ್ನು ಕೆಸರು ಹೇಗೆ ಹಿಡಿದೀತು?

"ಕೆಂಚ," ಎಂದ ಗುಡ್ಡಪ್ಪ, ಬಹಳ ಸಣ್ಣ ದನಿಯಲ್ಲಿ, "ಏನು ಮಾಡ್ಲಿ?"

ಅವನು ಜೀವಮಾನದಲ್ಲಿ ಇನ್ನೊಬ್ಬರನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಒದೀಬೇಡ. ನಿನಗೆ ಕಾಲೇ ಇಲ್ಲ ಅಂದ್ಕೊ. ಹೊಟ್ಟೆ ಮೇಲೆ ಮಲಗು."

"ಮಲಗಿ?"

"ಮುಂದಿನ ಮಣ್ಣನ್ನ ಮೂತಿಯಿಂದ ತೆಗಿ. ಕೆರೆ ಕಡೆಗೆ. ಆತುರ ಬೇಡ, ದಿನಕ್ಕೊಂದು ಗೇಣು ತೋಡಿದವನು ಹೇಳ್ತಿದೀನಿ."

ಗುಡ್ಡಪ್ಪ ಹೇಳಿದಂತೆ ಮಾಡಿದ. ಕೆಂಚ ಪಕ್ಕದಲ್ಲೇ ಇದ್ದು, "ಸ್ವಲ್ಪ ಎಡಕ್ಕೆ, ನೇರ ಇರಲಿ," ಎನ್ನುತ್ತಿದ್ದ. ಹೊತ್ತು ವಾಲುವಾಗ ಕೆರೆಯ ನೀರು ತಣ್ಣಗೆ ಒಳಗೆ ಬಂತು. ಕೆಸರು ಸಡಿಲವಾಯಿತು. ಗುಡ್ಡಪ್ಪನ ಭಾರದ ಮೈ ಎಲೆಯಂತೆ ಮೇಲೆದ್ದಿತು. ಅವನು ಅಲುಗದೆ ಮಲಗಿದ. ಅವನ ಎರಡೂ ಪಕ್ಕ ಮೋಡಗಳಿದ್ದವು. ಕೆಂಚ ದಿನಾ ನೋಡುತ್ತಿದ್ದುದನ್ನು ಅವನು ಅಂದು ನೋಡಿದ.

ಹಿಂದೆ ತಿರುಗಿದರೆ, ತಾನು ಬಂದ ದಾರಿ ಒಂದು ಕಾಲುವೆಯಾಗಿತ್ತು. ತಾನೇ ಮುಚ್ಚಿದ್ದ ಕಾಲುವೆ.

"ಇದು ಒಂದು ಕಾಲು," ಎಂದ ಕೆಂಚ. "ಇನ್ನೂ ಆರು ಇವೆ."

ನಾಲ್ಕು ದಿನ ಎಲ್ಲರೂ ತೋಡಿದರು. ಬುರುಡೆಯೇ ಅಳತೆ, ಕೆಂಚನ ಮಾತೇ ಮಾತು. ಬಾಡಿದ ಬಳ್ಳಿಗಳಲ್ಲಿ ಕೆಲವು ತಲೆ ಎತ್ತಿದವು, ಕೆಲವು ಎತ್ತಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಕೆಂಚ ಕಲ್ಲಿನ ಮೇಲೆ ಒಂದು ಸೌತೆಕಾಯಿ ಇಟ್ಟ. ಬಾಯಲ್ಲಿ ತಂದ ನೀರು ಕುಡಿದು ಬೆಳೆದ ಆ ಒಂದು ಬಳ್ಳಿಯದು, ಬೆರಳುದ್ದ, ಸೊಟ್ಟ.

ನರಿ ಗೊಣಗಿತು, "ಇದೂ ಒಂದು ಕಾಯಾ?"

"ಮೊದಲ ಕಾಯಿ ಅಂತ ಕಟ್ಟಳೆ," ಎಂದಳು ಚಿಪ್ಪಜ್ಜಿ. "ಉದ್ದ ಅಂತ ಇಲ್ಲ. ಪಾಲು ಕೆಂಚನದೇ."

ಗುಡ್ಡಪ್ಪ ಹತ್ತಿರ ಬಂದ. "ಕೆಂಚ, ನಾಲ್ಕು ದಿನದ ಮುಯ್ಯಿ ಆಯ್ತು. ನಮ್ಮ ಹೊಲಕ್ಕೆ ಯಾವತ್ತು ಬರ್ತೀಯ?"

"ನಾಳೇನೇ," ಎಂದ ಕೆಂಚ. "ನನ್ನ ದಾರಿಗೆ ಒಂದು ಕಾಲುವೆ ತೋಡಿರು. ಈ ಸಲ ಅಳತೆ ಕೇಳಿ ತೋಡು."

ನೀತಿ: ನೆರವಿಗೆ ಕೈ ಹಾಕುವ ಮೊದಲು ಕಿವಿ ಕೊಡಬೇಕು.