ಮಡಿಸಿದ ಸೀರೆ

ಶಿಷ್ಯ ಕೇಳಿದ: "ಗುರುಗಳೇ, ನಿನ್ನೆ ಮಠದಲ್ಲಿ ಮಕ್ಕಳಿಗೆಂದು ಐದು ನಿಮಿಷದ ಒಂದು ಆನಿಮೇಷನ್ ಸಿನಿಮಾ ತೋರಿಸಿದರು. ಮಕ್ಕಳು ನಗುತ್ತಿದ್ದರು, ನನಗೆ ಅಳು ಬಂತು. ವೇದಾಂತ ಓದಿದವನು ಬಣ್ಣದ ಗೆರೆ ನೋಡಿ ಅತ್ತೆನಲ್ಲ ಎಂದು ನಾಚಿಕೆಯಾಗುತ್ತಿದೆ. ಜೀವವಿಲ್ಲದ ಗೆರೆಗೆ ಅಳು ತರಿಸುವ ಶಕ್ತಿ ಎಲ್ಲಿಂದ ಬರುತ್ತದೆ?"

ಗುರುಗಳು ನಕ್ಕರು. "ವೇದಾಂತ ಓದಿದರೆ ಕಣ್ಣೀರು ಬತ್ತುತ್ತದೆ ಎಂದು ಯಾವ ಸೂತ್ರದಲ್ಲಿದೆಯಪ್ಪ? ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅಂಗಡಿ ಅವನ ತಂದೆ ಕಟ್ಟಿದ್ದು. ವಯಸ್ಸಾದ ಮೇಲೆ ತಂದೆ ವ್ಯಾಪಾರವನ್ನು ಮಗನ ಕೈಗೆ ಬಿಟ್ಟು, ಗಿರಾಕಿಗಳು ಬಿಚ್ಚಿ ನೋಡಿ ಬೇಡವೆಂದು ಬಿಟ್ಟ ಸೀರೆಗಳನ್ನು ಮಡಿಸುತ್ತ ಕೂರುತ್ತಿದ್ದ. ಹಾಗೆ ಇರುತ್ತಲೇ ಒಂದು ದಿನ ತೀರಿಕೊಂಡ.

ವರ್ಷದ ತಿಥಿಗೆ ಇನ್ನು ಐದು ತಿಂಗಳಿತ್ತು. ಊರು ಮೆಚ್ಚುವಂಥದ್ದೇನಾದರೂ ಮಾಡಬೇಕೆಂದು ಮಗನಿಗೆ ಆಸೆ. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಅಪ್ಪನದು ಒಂದೇ ಒಂದು ಪಟವಿತ್ತು. ಹಾಗಾಗಿ ಅವನು ಒಬ್ಬ ಚಿತ್ರಗಾರನನ್ನು ಕರೆಸಿ, ಅಪ್ಪ ಕಣ್ಣೆದುರಿಗೆ ಓಡಾಡುವ ಹಾಗೆ ಒಂದು ಪುಟ್ಟ ಆನಿಮೇಷನ್ ಸಿನಿಮಾ ಮಾಡಿಕೊಡಿ ಎಂದ. ತಂದೆಯವರು ಕೆಲಸ ಮಾಡುವಾಗ ಕೈ ಹೇಗೆ ಆಡುತ್ತಿತ್ತು ಎಂದು ಚಿತ್ರಗಾರ ಕೇಳಿದ. ವ್ಯಾಪಾರಿಗೆ ನೆನಪಾಗಲಿಲ್ಲ. ಇಪ್ಪತ್ತು ವರ್ಷ ಎದುರಿಗೆ ಕೂತವನು! ಅಂಗಡಿಯ ಕೆಲಸದವರನ್ನು ಕೇಳಿಕೊಳ್ಳಿ ಎಂದುಬಿಟ್ಟ.

ಚಿತ್ರಗಾರ ಅವರನ್ನೇ ಕೇಳಿದ. ಸೆಕೆಂಡಿಗೆ ಹನ್ನೆರಡು ಚಿತ್ರದಂತೆ ನಾಲ್ಕು ತಿಂಗಳು ಕೂತು ಬರೆದ.

ತಿಥಿಯ ಊಟವಾದ ಮೇಲೆ ಕಿಟಕಿ ಮುಚ್ಚಿ ಗೋಡೆಯ ಮೇಲೆ ಸಿನಿಮಾ ಹಾಕಿದರು. ಒಬ್ಬ ಮುದುಕ ಸೀರೆಯ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾನೆ. ಅಂಗೈಯಿಂದ ಒತ್ತಿ ಪಕ್ಕಕ್ಕಿಡುತ್ತಾನೆ. ಅದೇ ಸೀರೆಯನ್ನು ಎತ್ತಿಕೊಂಡು ಬಿಚ್ಚಿ ಮತ್ತೆ ಮಡಿಸುತ್ತಾನೆ. ಮತ್ತೆ ಬಿಚ್ಚುತ್ತಾನೆ. ಮೊದಲಿನಿಂದ ಕೊನೆಯವರೆಗೆ ಇಷ್ಟೇ, ಒಂದೂ ಮಾತಿಲ್ಲ.

ನೋಡಿದವರ ಕಣ್ಣು ಒದ್ದೆಯಾಯಿತು. ಎಂಥ ಶ್ರದ್ಧೆ, ಮಡಿಕೆ ಒಂದೆಳೆ ಓರೆಯಾದರೂ ಬಿಡುತ್ತಿರಲಿಲ್ಲ ಎಂದು ಕೊಂಡಾಡಿದರು. ಊರ ಹಿರಿಯರು ವ್ಯಾಪಾರಿಗೆ ಶಾಲು ಹೊದಿಸಿ, ಹುಟ್ಟಿದರೆ ಇಂಥ ಮಗ ಹುಟ್ಟಬೇಕು ಎಂದರು.

ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. ಅಪ್ಪ ಮಡಿಸಿದ ಸೀರೆಯನ್ನೇ ಬಿಚ್ಚುತ್ತಿದ್ದುದು ಯಾವಾಗ ಎಂದು ಅವನಿಗೆ ಈಗ ನೆನಪಾಗಿತ್ತು. ಗಿರಾಕಿಗಳ ಮುಂದೆ "ನಿನಗೇನು ತಿಳಿಯುತ್ತೆ, ಬಾಯಿ ಮುಚ್ಚಿಕೊಂಡು ಕೂತುಕೋ" ಎಂದು ಅವನು ಗದರಿದಾಗಲೆಲ್ಲ ಮುದುಕ ತಲೆ ಎತ್ತುತ್ತಿರಲಿಲ್ಲ. ಕೈಗೆ ಸಿಕ್ಕ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗುತ್ತಿದ್ದ. ಗೋಡೆಯ ಮೇಲೆ ಸೀರೆ ಬಿಚ್ಚಿದಷ್ಟು ಸಲವೂ ಮಗನಿಗೆ ತನ್ನದೇ ದನಿ ಕೇಳಿಸಿತು.

ಅವನು ಚಿತ್ರಗಾರನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ. "ನಾನು ಬೈಯುತ್ತಿದ್ದದ್ದು ನಿಮಗೆ ಯಾರು ಹೇಳಿದರು? ಊರ ಮುಂದೆ ನನ್ನ ಮಾನ ಕಳೆಯಬೇಕೆಂದೇ ಹೀಗೆ ಬರೆದಿರಾ?"

ಚಿತ್ರಗಾರ ಬೆಪ್ಪಾದ. "ಯಾರನ್ನು ಬೈದಿರಿ ಸಾಹುಕಾರ್ರೇ? ದೊಡ್ಡ ಸಾಹುಕಾರ್ರಿಗೆ ಮಡಿಕೆ ನೇರ ಇರಬೇಕಿತ್ತಂತೆ, ಅದಕ್ಕೇ ಮತ್ತೆ ಮತ್ತೆ ಮಡಿಸುತ್ತಿದ್ದರಂತೆ. ಕೆಲಸದವರು ಹೇಳಿದ್ದು ಅಷ್ಟೇ, ನಾನು ಬರೆದದ್ದೂ ಅಷ್ಟೇ. ಇಡೀ ಚಿತ್ರದಲ್ಲಿ ನೀವು ಇಲ್ಲವೇ ಇಲ್ಲವಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ.

ವ್ಯಾಪಾರಿ ಹೊರಗೆ ಬಂದ. ಹಿರಿಯರಿಗೆ ನಿಜ ಹೇಳಬೇಕೆಂದುಕೊಂಡ, ನಾಲಿಗೆ ಏಳಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಹೊಗಳಿ ಹೋದರು. ಅವನು ಶಾಲು ಹೊದ್ದುಕೊಂಡೇ ಎಲ್ಲರಿಗೂ ಕೈ ಮುಗಿದ. ಕ್ಷಮೆ ಕೇಳೋಣವೆಂದರೆ, ಕ್ಷಮಿಸಬೇಕಾದವನು ಹೋಗಿ ವರ್ಷವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅಂದರೆ ಶಕ್ತಿ ಗೆರೆಯಲ್ಲಿಲ್ಲ, ನೋಡುವವನ ಮನಸ್ಸಿನಲ್ಲಿದೆ ಎಂದಾಯಿತಲ್ಲವೇ?" ಎಂದ.

"ಅದು ಪರೀಕ್ಷೆಯಲ್ಲಿ ಬರೆಯುವ ಉತ್ತರ" ಎಂದರು ಗುರುಗಳು. "ನಿನ್ನೆ ಅಳುವಾಗ ನಿನಗೆ ನೆನಪಾದವರು ಇನ್ನೂ ಬದುಕಿದ್ದಾರೆಯೇ?"